ದೂರಪಾಠದಲ್ಲಿ ಮೊಬೈಲ್ ಪೋಲ್: ಕನ್ನಡ ಮಾಧ್ಯಮಕ್ಕೆ ಪ್ರಶ್ನೆಗಳ ಸಂಗ್ರಹ ಬೇಕು

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ರೆಡ್ ಅಲರ್ಟ್ ಬಂದು ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರಿದ ದಿನಗಳಲ್ಲಿ ಕಾಸರಗೋಡಿನ ಕೆಲವು ಕನ್ನಡ ಮಾಧ್ಯಮ ಅಧ್ಯಾಪಕರು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಮೊಬೈಲಿನಲ್ಲೇ ಪಾಠ ಹೇಳುತ್ತಾರೆ. ನಡುವೆ ‘ಅರ್ಥವಾಯಿತೇ?’ ಎಂದು ಕೇಳಿದರೆ ಒಂದಿಬ್ಬರು ‘ಹೌದು ಟೀಚರ್’ ಎನ್ನುತ್ತಾರೆ. ಉಳಿದವರ ಮೈಕ್ ತೆರೆಯುವುದೇ ಇಲ್ಲ. ಮನೆಯಲ್ಲಿ ತುಳು, ಮರಾಠಿ, ಕೊಂಕಣಿ, ಬ್ಯಾರಿ ಅಥವಾ ಮಲಯಾಳ ಆಡುವ ನಮ್ಮ ಅನೇಕ ಮಕ್ಕಳಿಗೆ ಎಲ್ಲರೂ ಕೇಳಿಸಿಕೊಳ್ಳುವಂತೆ ಪುಸ್ತಕದ ಕನ್ನಡದಲ್ಲಿ ಉತ್ತರಿಸುವ ಸಂಕೋಚ ಬೇರೆ. ಇಂಥ ಕಡೆ ಮೊಬೈಲಿನಲ್ಲಿ ಪ್ರಶ್ನೆ ಹಾಕಿ, ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತಲು ಹೇಳುವ ಪೋಲ್ ನಿಜಕ್ಕೂ ಉಪಯುಕ್ತ. ಆದರೆ ಅದನ್ನು ಈಗ ಬಳಸುತ್ತಿರುವ ರೀತಿಯಲ್ಲಿ ಅದರ ಅರ್ಧ ಪ್ರಯೋಜನವೂ ಸಿಗುತ್ತಿಲ್ಲವೆಂದು, ಬಹುಕಾಲ ಗಣಿತ ಕಲಿಸಿದವನಾಗಿ ನನಗೆ ಅನಿಸುತ್ತದೆ.

ಮೊದಲನೆಯ ತೊಡಕು ಸಾಧನದ್ದು. ವಾಟ್ಸ್‌ಆ್ಯಪ್ 2022ರ ಕೊನೆಯಲ್ಲಿ ತಂದ ಪೋಲ್ ಎಲ್ಲರ ಕೈಯಲ್ಲೂ ಇರುವುದರಿಂದ ಅಧ್ಯಾಪಕರು ಅದನ್ನೇ ಹಿಡಿದಿದ್ದಾರೆ. ಅದರಲ್ಲಿ ಸಾಮಾನ್ಯವಾಗಿ ಯಾರು ಯಾವ ಉತ್ತರ ಒತ್ತಿದರೆಂಬುದು ಗುಂಪಿನ ಎಲ್ಲರಿಗೂ ಹೆಸರು ಸಹಿತ ಕಾಣುತ್ತದೆ. ತರಗತಿಯ ಜಾಣ ಹುಡುಗಿ ಒತ್ತಿದ ಉತ್ತರವನ್ನೇ ನಂತರದವರೆಲ್ಲ ಒತ್ತಿದರೆ ಅಧ್ಯಾಪಕರಿಗೆ ತಿಳಿಯುವುದು ಆ ಒಬ್ಬಳ ಉತ್ತರ ಮಾತ್ರ. ಟೆಲಿಗ್ರಾಂನಲ್ಲಿ ಹೆಸರು ಕಾಣದಂತೆ ಪೋಲ್ ನಡೆಸಬಹುದು. ಗೂಗಲ್ ಫಾರ್ಮ್‌ನಲ್ಲಿ ಉತ್ತರಗಳು ಅಧ್ಯಾಪಕರಿಗಷ್ಟೇ ಕಾಣುವಂತೆ ಇಟ್ಟುಕೊಳ್ಳಬಹುದು. ಸ್ಮಾರ್ಟ್‌ಫೋನ್ ಇಲ್ಲದ ಮನೆಯ ಮಗು ಸಾದಾ ಫೋನಿನಿಂದ ಒಂದಕ್ಷರದ ಎಸ್ಸೆಮ್ಮೆಸ್ ಕಳುಹಿಸಿದರೂ ಸಾಕು.

ಎರಡನೆಯದು ಮುಖ್ಯವಾದುದು: ಪ್ರಶ್ನೆ. ‘ಪಾಠ ಇಷ್ಟವಾಯಿತೇ?’ ಎಂಬಂಥ ಪೋಲ್‌ಗಳಿಂದ ಏನೂ ಸಿಗುವುದಿಲ್ಲ. 1/3ಕ್ಕೆ 1/4 ಕೂಡಿಸಿದರೆ ಎಷ್ಟು ಎಂದು ಕೇಳಿ, 7/12, 2/7, 1/12, 1/7 ಎಂಬ ನಾಲ್ಕು ಉತ್ತರ ಕೊಟ್ಟು ನೋಡಿ. 2/7 ಒತ್ತಿದ ಮಗು ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿದೆ. 1/12 ಒತ್ತಿದ ಮಗು ಕೂಡಿಸುವ ಬದಲು ಗುಣಿಸಿದೆ. 1/7 ಒತ್ತಿದ ಮಗುವಿಗೆ ಕೆಳಗಿನ ಸಂಖ್ಯೆಗಳಷ್ಟೇ ಲೆಕ್ಕಕ್ಕೆ ಬಂದಿವೆ. ತಪ್ಪು ಉತ್ತರಗಳನ್ನು ಹೀಗೆ ಮಕ್ಕಳ ನಿಜವಾದ ತಪ್ಪುಗಳಿಂದಲೇ ಆರಿಸಿಟ್ಟರೆ, ಮುಂದಿನ ಹತ್ತು ನಿಮಿಷ ಏನು ಹೇಳಬೇಕೆಂಬುದು ಪೋಲ್ ಮುಗಿದ ಕೂಡಲೇ ಗೊತ್ತಾಗುತ್ತದೆ. ಅಂಥ ಪ್ರಶ್ನೆ ಕಟ್ಟಲು ಪಾಠ ಹೇಳುವುದಕ್ಕಿಂತ ಹೆಚ್ಚು ಹೊತ್ತು ಬೇಕು. ದಿನಕ್ಕೆ ಐದಾರು ಪೀರಿಯಡ್ ಪಾಠ ಮಾಡುವ ಅಧ್ಯಾಪಕರು ಒಬ್ಬೊಬ್ಬರೇ ಇದನ್ನು ಮಾಡಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1991ರಿಂದ ಬಳಸುತ್ತ ಬಂದ ಕ್ರಮವೊಂದು ಇಲ್ಲಿ ನೆನಪಾಗುತ್ತದೆ. ವಿದ್ಯಾರ್ಥಿಗಳು ಮೊದಲು ತಾವಾಗಿಯೇ ಉತ್ತರ ಆರಿಸುತ್ತಾರೆ. ಸರಿಯುತ್ತರದ ಪಾಲು ಸುಮಾರು 30ರಿಂದ 70 ಶೇಕಡಾದೊಳಗಿದ್ದರೆ, ಅಧ್ಯಾಪಕರು ಉತ್ತರ ಹೇಳದೆ, ಪಕ್ಕದವರೊಡನೆ ವಾದಿಸಲು ಬಿಟ್ಟು, ಮತ್ತೊಮ್ಮೆ ಉತ್ತರ ಕೇಳುತ್ತಾರೆ. ದೂರಪಾಠದಲ್ಲಿ ಪಕ್ಕದವರಿಲ್ಲ, ನಿಜ. ಆದರೆ ಇಬ್ಬಿಬ್ಬರು ಗೆಳೆಯರು ಫೋನಿನಲ್ಲೇ ಮೂರು ನಿಮಿಷ ಚರ್ಚಿಸಲು ಏನಡ್ಡಿ? ಆ ಚರ್ಚೆ ತುಳುವಿನಲ್ಲಾಗಲಿ, ಮಲಯಾಳದಲ್ಲಾಗಲಿ, ಹವ್ಯಕ ಭಾಷೆಯಲ್ಲಾಗಲಿ ನಡೆಯಲಿ. ಎರಡನೆಯ ಪೋಲ್ ಮುಗಿಯುವವರೆಗೆ ಮೊದಲನೆಯದರ ಫಲಿತಾಂಶ ಮಾತ್ರ ಮಕ್ಕಳಿಗೆ ಕಾಣಬಾರದು.

ದೇಲಂಪಾಡಿ, ಎಣ್ಮಕಜೆಯಂಥ ಗುಡ್ಡಗಾಡು ಪಂಚಾಯತುಗಳಲ್ಲಿ ರೇಂಜ್ ಸಿಗದ ಮನೆಗಳಿವೆ. ಇರುವ ಒಂದೇ ಫೋನು ತಂದೆಯೊಡನೆ ಕೆಲಸಕ್ಕೆ ಹೋಗಿ ಸಂಜೆ ಮರಳುವ ಮನೆಗಳೂ ಇವೆ. ಅಂಥ ಮಕ್ಕಳಿಗಾಗಿ ಪೋಲ್ ಅನ್ನು ರಾತ್ರಿ ಒಂಬತ್ತರವರೆಗೆ ತೆರೆದಿಟ್ಟು, ಮರುದಿನದ ಪಾಠವನ್ನು ಅದರ ಫಲಿತಾಂಶದಿಂದ ಆರಂಭಿಸಬಹುದು. ವೀಡಿಯೊ ನಿಂತು ನಿಂತು ಬರುವ ಕಡೆಯಿಂದಲೂ ಒಂದು ಉತ್ತರ ಕಳುಹಿಸುವುದು ಕಷ್ಟವಲ್ಲ. ಇದನ್ನೇ ಹಾಜರಿಗೋ ಆಂತರಿಕ ಅಂಕಕ್ಕೋ ಜೋಡಿಸುವ ಉತ್ಸಾಹ ಕೆಲವು ಶಾಲೆಗಳಲ್ಲಿ ಕಾಣುತ್ತಿದೆ. ಅಂಕ ಇದೆಯೆಂದಾದರೆ ಮಗು ತನಗೆ ತೋಚಿದ ಉತ್ತರ ಒತ್ತದು, ಅಣ್ಣನನ್ನು ಕೇಳಿ ಒತ್ತುತ್ತದೆ. ಮಕ್ಕಳ ಹೆಸರು, ಫೋನ್ ನಂಬರು ಕೇಳುವ ಖಾಸಗಿ ಆ್ಯಪ್‌ಗಳ ವಿಷಯದಲ್ಲೂ ಎಚ್ಚರ ಬೇಕು. 18 ವರ್ಷದೊಳಗಿನವರ ಮಾಹಿತಿ ಪಡೆಯಲು ಹೆತ್ತವರ ಒಪ್ಪಿಗೆ ಬೇಕೆಂದು 2023ರ ದತ್ತಾಂಶ ರಕ್ಷಣಾ ಕಾಯಿದೆಯೇ ಹೇಳುತ್ತದೆ.

2020ರ ಜೂನ್ 1ರಂದು ಕೇರಳ ಸರಕಾರದ ಶೈಕ್ಷಣಿಕ ವಾಹಿನಿ ಕೈಟ್ ವಿಕ್ಟರ್ಸ್‌ನಲ್ಲಿ ‘ಫಸ್ಟ್ ಬೆಲ್’ ಎಂಬ ದೂರಪಾಠದ ತರಗತಿಗಳು ಆರಂಭವಾದ ಬಳಿಕ ಕನ್ನಡ ಮಾಧ್ಯಮದ ಪಾಠಗಳನ್ನೂ ಸಿದ್ಧಪಡಿಸಲಾಯಿತು. ಅಂಥ ಶ್ರಮಕ್ಕೆ ಮುಂದಾಗುವ ಅಧ್ಯಾಪಕರು ನಮ್ಮಲ್ಲಿ ಇದ್ದಾರೆಂಬುದಕ್ಕೆ ಅದೇ ಸಾಕ್ಷಿ. ಆದ್ದರಿಂದ ಮಾಯಿಪ್ಪಾಡಿಯ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಗಣಿತ ಮತ್ತು ವಿಜ್ಞಾನದಿಂದ ತೊಡಗಿ, ಪ್ರತಿ ಪಾಠಕ್ಕೆ ನಾಲ್ಕೈದರಂತೆ ಪೋಲ್ ಪ್ರಶ್ನೆಗಳನ್ನು ಕನ್ನಡ ಮಾಧ್ಯಮ ಅಧ್ಯಾಪಕರಿಂದಲೇ ರಚಿಸಿ, ಯಾವ ತಪ್ಪು ಉತ್ತರ ಯಾವ ತಪ್ಪು ಗ್ರಹಿಕೆಯಿಂದ ಬರುತ್ತದೆಂಬ ಟಿಪ್ಪಣಿಯೊಡನೆ ಕೇರಳದ ಶಾಲಾ ಕಲಿಕಾ ಸಾಮಗ್ರಿಗಳಿರುವ ‘ಸಮಗ್ರ’ ಪೋರ್ಟಲಿನಲ್ಲಿ ಎಲ್ಲರಿಗೂ ಸಿಗುವಂತೆ ಮಾಡಬೇಕೆಂದು ಕೋರುತ್ತೇನೆ. ಮಲಯಾಳದಲ್ಲಿ ಸಿದ್ಧವಾದುದನ್ನು ಅವಸರದಿಂದ ಅನುವಾದಿಸಿ ಕೊಡುವ ರೂಢಿ ಇದಕ್ಕೆ ಒಗ್ಗದು, ಏಕೆಂದರೆ ಇಲ್ಲಿ ಬೇಕಾಗಿರುವುದು ನಮ್ಮ ಮಕ್ಕಳ ಉತ್ತರ ಪತ್ರಿಕೆಗಳಲ್ಲಿ ಕಾಣುವ ತಪ್ಪುಗಳೇ. ಬೇಸಿಗೆ ರಜೆಯ ಅಧ್ಯಾಪಕ ತರಬೇತಿಯಲ್ಲಿ ಎರಡು ದಿನ ಇದಕ್ಕಾಗಿ ತೆಗೆದಿಟ್ಟರೆ ಮುಂದಿನ ಮಳೆಗಾಲದ ಹೊತ್ತಿಗೆ ಮೊದಲ ಕಂತು ಕೈಗೆ ಬಂದೀತು.

ಇತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಗಣಿತ ಅಧ್ಯಾಪಕ
ಪೆರ್ಲ, ಕಾಸರಗೋಡು ಜಿಲ್ಲೆ