ಮೈಸೂರು ಲ್ಯಾನ್ಸರ್ಸ್ ಸವಾರರ ಹೆಸರಿನ ಸೂಚಿ ಸಿದ್ಧವಾಗಲಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ ಹೈಫಾ ಕದನವನ್ನೂ ಅದರಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ಅಶ್ವದಳವನ್ನೂ ನೆನೆಯುವ ಬರಹಗಳು ಪತ್ರಿಕೆಗಳಲ್ಲಿ ಬರುತ್ತವೆ. ಮೊದಲ ಮಹಾಯುದ್ಧದಲ್ಲಿ, 1918ರ ಆ ದಿನ, ಇಂದು ಇಸ್ರೇಲಿನಲ್ಲಿರುವ ಹೈಫಾ ಪಟ್ಟಣದತ್ತ ಜೋಧಪುರದ ಸವಾರರು ನುಗ್ಗಿದರೆ, ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳನ್ನು ಅಡಗಿಸಲು ಏರಿ ಹೋದವರು ಮೈಸೂರಿನವರು. ಈ ಸ್ಮರಣೆ ಸಂತೋಷದ ಸಂಗತಿ. ಆದರೆ ಆ ದಳದಲ್ಲಿ ತಮ್ಮ ಮನೆಯ ಹಿರಿಯರೊಬ್ಬರು ಇದ್ದರೇ, ಯಾವಾಗ ಸೇರಿದರು, ಯಾವ ದರ್ಜೆಯಲ್ಲಿದ್ದರು ಎಂದು ಹುಡುಕಲು ಹೊರಟವರಿಗೆ ನಮ್ಮ ರಾಜ್ಯದಲ್ಲಿ ಆಧಾರ ಸಿಗುವುದು ಬಹಳ ಕಷ್ಟ ಎಂಬುದನ್ನು ತಮ್ಮ ಗಮನಕ್ಕೆ ತರಲು ಬಯಸುತ್ತೇನೆ.

ನನ್ನ ಮುತ್ತಜ್ಜ ಆ ದಳದ ಸವಾರರಾಗಿದ್ದರು. ಮನೆಯಲ್ಲಿ ಉಳಿದಿರುವುದು ಒಂದು ಬೆಳ್ಳಿಯ ಪದಕ, ಮತ್ತು ಅವರು ‘ಮಿಸ್ರ ದೇಶಕ್ಕೆ ಹೋಗಿ ನಾಲ್ಕು ವರ್ಷ ಬಿಟ್ಟು ಬಂದರು’ ಎಂದು ಅಜ್ಜಿ ಹೇಳುತ್ತಿದ್ದ ಮಾತು. ಅಜ್ಜಿಯ ಮಾತು ಚರಿತ್ರೆಗೆ ಸರಿಯಾಗಿ ಹೊಂದುತ್ತದೆ. 1914ರ ಕೊನೆಯಲ್ಲಿ ಮಿಸ್ರಕ್ಕೆ, ಅಂದರೆ ಈಜಿಪ್ಟಿಗೆ, ಹೋದ ದಳ ಮೊದಲು ಕಾದದ್ದು ಸೂಯೆಜ್ ಕಾಲುವೆಯನ್ನು. ಹೈಫಾ ಬಂದದ್ದು ಬಹಳ ತಡವಾಗಿ. ಅದಾದ ಮೇಲೂ 1918ರ ಅಕ್ಟೋಬರ್ 26ರಂದು ಸಿರಿಯಾದ ಅಲೆಪ್ಪೊ ಹತ್ತಿರದ ಹರಿತಾನ್‌ನಲ್ಲಿ, ಶತ್ರುಪಕ್ಷದ ತುರ್ಕಿಯೊಂದಿಗೆ ಕದನವಿರಾಮಕ್ಕೆ ಸಹಿ ಬೀಳಲು ನಾಲ್ಕೇ ದಿನಗಳಿದ್ದಾಗ, ಇದೇ ಮೈಸೂರಿನ ಸವಾರರು ಮತ್ತೊಮ್ಮೆ ಏರಿ ಹೋಗಿ ಸಾವುನೋವು ಅನುಭವಿಸಿದರು. ಹರಿತಾನ್ ಹೆಸರನ್ನು ನಾವು ಎಷ್ಟು ಜನ ಕೇಳಿದ್ದೇವೆ?

ಮಡಿದವರನ್ನು ಹುಡುಕಲು ಒಂದು ದಾರಿಯಾದರೂ ಇದೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಯಲ್ಲಿ ಅವರ ಹೆಸರಿರುತ್ತದೆ, ಕೆಲವರದ್ದು ತಂದೆಯ ಹೆಸರು ಮತ್ತು ಊರಿನ ಸಮೇತ; ಬೆಂಗಳೂರಿನ ಜೆ.ಸಿ. ನಗರದಲ್ಲಿ ದಳದ ಸ್ಮಾರಕವೂ ಇದೆ. ಬದುಕಿ ಮರಳಿದವರಿಗೆ ಇಂಥ ಪಟ್ಟಿ ಇಲ್ಲ. ಯುದ್ಧಕಾಲದಲ್ಲಿ ದಳಗಳು ದಿನದಿನವೂ ಬರೆದಿಟ್ಟ, ಈಗ ಲಂಡನ್ನಿನಲ್ಲಿರುವ ಯುದ್ಧ ದಿನಚರಿಗಳು ಅಧಿಕಾರಿಗಳ ಹೆಸರು ಹೇಳುತ್ತವೆಯೇ ಹೊರತು ಸಾಮಾನ್ಯ ಸವಾರನ ಹೆಸರನ್ನು ಹೇಳುವುದು ಅಪರೂಪ; ಕುದುರೆ ನೋಡಿಕೊಳ್ಳುತ್ತಿದ್ದ ಸಾಯಿಸರ ಮಾತಂತೂ ದೂರವೇ ಉಳಿಯಿತು. ಈ ದಳ ಬ್ರಿಟಿಷ್ ಭಾರತದ ಸೇನೆಗೆ ಸೇರಿದ್ದಲ್ಲ, ಮೈಸೂರು ಸಂಸ್ಥಾನದ್ದು. ಆದ್ದರಿಂದ ನೇಮಕ, ಸಂಬಳ, ಪಿಂಚಣಿಗಳ ಕುರುಹನ್ನು ಅರಸಬೇಕಾದದ್ದು ಸಂಸ್ಥಾನದ ಕಡತಗಳಲ್ಲಿ, ಅಂದರೆ ಇಂದಿನ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯಲ್ಲಿ. ಹಳೆಯ ಸರ್ಕಾರಿ ಕಡತಗಳು ಇಲಾಖೆ, ವರ್ಷ, ವಿಷಯಗಳ ಕ್ರಮದಲ್ಲಿರುತ್ತವೆ. ಕೈಯಲ್ಲಿ ಒಂದು ಹೆಸರನ್ನಷ್ಟೇ ಹಿಡಿದು ಬಂದ ಮರಿಮಕ್ಕಳಿಗೆ ಎಲ್ಲಿಂದ ತೊಡಗಬೇಕೆಂಬುದೇ ತಿಳಿಯುವುದಿಲ್ಲ. ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಾಗಿ ಬರೆದಿರುವ ತೊಡಕು ಬೇರೆ.

ಇದು ಆಗದ ಕೆಲಸವೇನಲ್ಲ. ಮೊದಲ ಮಹಾಯುದ್ಧಕ್ಕೆ ಹೋದ ಪಂಜಾಬಿನವರ ವಿವರಗಳನ್ನು ಊರೂರಿನ ಲೆಕ್ಕದಲ್ಲಿ ಬರೆದಿಟ್ಟ ದಫ್ತರಗಳು ಲಾಹೋರ್ ವಸ್ತುಸಂಗ್ರಹಾಲಯದಲ್ಲಿದ್ದವು. ಸುಮಾರು 3,20,000 ಜನರ ಆ ದಾಖಲೆಗಳನ್ನು ಅಂತರ್ಜಾಲಕ್ಕೆ ತರುವ ಕೆಲಸ 2021ರಲ್ಲಿ ಆರಂಭವಾಯಿತು. ಅದಕ್ಕೆ ಹೋಲಿಸಿದರೆ ನಮ್ಮದು ಒಂದು ಅಶ್ವದಳದಷ್ಟು ಚಿಕ್ಕ ಕೆಲಸ. ಪತ್ರಾಗಾರ ಇಲಾಖೆಯು ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳ ನೆರವು ಪಡೆದು, ಸಂಸ್ಥಾನದ ಸೇನಾ ಕಡತಗಳಲ್ಲಿ ಬರುವ ಪ್ರತಿಯೊಬ್ಬನ ಹೆಸರು, ತಂದೆಯ ಹೆಸರು, ಊರು, ದರ್ಜೆಗಳ ಸೂಚಿಯನ್ನು ಕನ್ನಡದಲ್ಲಿ ಸಿದ್ಧಪಡಿಸಬೇಕು.

ಕುಟುಂಬಗಳೂ ಇದರಲ್ಲಿ ಪಾಲ್ಗೊಳ್ಳಬೇಕು. ಆ ಯುದ್ಧದ ಬೆಳ್ಳಿ ಪದಕದ ಅಂಚಿನಲ್ಲಿ ಪಡೆದವರ ಸಂಖ್ಯೆ, ದರ್ಜೆ, ಹೆಸರು, ದಳ ಅಚ್ಚಾಗಿರುತ್ತವೆ. ಕಡತ ಹುಡುಕಲು ಅದಕ್ಕಿಂತ ಒಳ್ಳೆಯ ಸುಳಿವು ಸಿಗದು. ಬರೀ ಬೆಳ್ಳಿಯೆಂದು ಅದನ್ನು ಕರಗಿಸಲು ಕೊಡುವ ಮುನ್ನ ದಯವಿಟ್ಟು ಭೂತಗನ್ನಡಿ ಹಿಡಿದು ಅಂಚನ್ನು ಓದಿ, ಬರೆದಿಟ್ಟುಕೊಳ್ಳಿ. ಸೂಚಿಯ ಕೆಲಸ ಆರಂಭವಾದ ದಿನ ನಮ್ಮ ಮನೆಯ ಪದಕದ ವಿವರವನ್ನು ನಾನೇ ಇಲಾಖೆಗೆ ಒಯ್ದು ಕೊಡುತ್ತೇನೆ.

— ಲ್ಯಾನ್ಸರ್ಸ್ ಸವಾರರೊಬ್ಬರ ಮರಿಮಗ, ಬೆಂಗಳೂರು