ಕೌದಿ ನೋಡಲು ಬಂದವರಿಗೆ ಕೌದಿ ಹಾಸಿ

ಮಾನ್ಯ ಸಂಪಾದಕರೇ,

ಪುಣೆಯಲ್ಲಿ ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ನಡೆಯುವ, ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿದ ಹೊದಿಕೆಗಳಾದ ಕ್ವಿಲ್ಟ್ ಮತ್ತು ಕೌದಿಗಳ ದೊಡ್ಡ ಪ್ರದರ್ಶನಕ್ಕೆ ಸಿದ್ಧತೆ ನಡೆದಿದೆ. ಬಾಗಿಲಲ್ಲಿ ನಿಂತು ಜನರನ್ನು ಬರಮಾಡಿಕೊಳ್ಳುವ ಸ್ವಯಂಸೇವಕಿಯರಲ್ಲಿ ನಾನೂ ಒಬ್ಬಳು. ನಿಮ್ಮ ಓದುಗರನ್ನು ಕರೆಯುವ ಮೊದಲು ಹೋದ ವರ್ಷದ ಒಂದು ಸಂಗತಿಯನ್ನು ಹೇಳಲೇಬೇಕಾಗಿದೆ.

ಎರಡನೆಯ ದಿನ ಮಧ್ಯಾಹ್ನ ವಿಜಯಪುರದ ಕಡೆಯ ಹಿರಿಯ ಹೆಂಗಸೊಬ್ಬರು ಮಗನ ಜೊತೆ ಬಂದರು. ಮಗ ವಾಕಡ್‌ನಲ್ಲಿ ಏಳುತ್ತಿರುವ ಕಟ್ಟಡವೊಂದರಲ್ಲಿ ಗೌಂಡಿ. ಆಕೆ ಇಳಕಲ್ ಸೀರೆಯ ಸೆರಗನ್ನು ನಡುವೆ ಕೂರಿಸಿದ ಕೌದಿಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಹೊಲಿಗೆಯ ಸಾಲಿನ ಮೇಲೆ ಒಂದು ಬೆರಳಿಟ್ಟರು. ಕಾವಲಿಗಿದ್ದ ಹುಡುಗ ಮರಾಠಿಯಲ್ಲಿ "ಮುಟ್ಟಬೇಡಿ" ಎಂದು ಜೋರಾಗಿ ಹೇಳಿದ. ಆಕೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು, ಉಳಿದ ಸಾಲುಗಳನ್ನು ನೋಡದೆ ಹೊರಟುಹೋದರು. ನಾನು ಜನರನ್ನು ದಾಟಿ ಬಾಗಿಲಿಗೆ ಬರುವಷ್ಟರಲ್ಲಿ ತಾಯಿ, ಮಗ ಇಬ್ಬರೂ ಇರಲಿಲ್ಲ. ಹುಡುಗನನ್ನು ದೂರಲಾರೆ. ಹಾಗೆ ಹೇಳಬೇಕೆಂದು ಅವನಿಗೆ ಕಲಿಸಿದವರು ನಾವೇ.

ಆ ನಿಯಮಕ್ಕೆ ಕಾರಣವಿದೆ. ಕೈಯ ಬೆವರು, ಎಣ್ಣೆ ಹಳೆಯ ಅರಿವೆಗೆ ಒಳ್ಳೆಯದಲ್ಲ. ಆದರೆ ಮುಟ್ಟಗೊಡದೆಯೂ ಆದರದಿಂದ ತೋರಿಸಬಹುದು. ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಪಡೂಕಾ ಎಂಬ ಚಿಕ್ಕ ಊರಿದೆ. 1985ರಲ್ಲಿ ಅಲ್ಲಿ ಕ್ವಿಲ್ಟ್ ಪ್ರದರ್ಶನ ಶುರುವಾಯಿತು, 1991ರಲ್ಲಿ ಕ್ವಿಲ್ಟ್‌ಗಳಿಗೆಂದೇ ಮ್ಯೂಸಿಯಂ ತೆರೆಯಿತು, 2013ರಲ್ಲಿ ಯುನೆಸ್ಕೊ ಆ ಊರನ್ನು ಸೃಜನಶೀಲ ನಗರಗಳ ಪಟ್ಟಿಗೆ ಸೇರಿಸಿತು. ಅಲ್ಲಿನ ಇಂಥ ಪ್ರದರ್ಶನಗಳಲ್ಲಿ ಬಿಳಿ ಕೈಗವಸು ತೊಟ್ಟ ಸ್ವಯಂಸೇವಕರು ಇರುತ್ತಾರೆ. ಕೇಳಿದವರಿಗೆ ಕ್ವಿಲ್ಟಿನ ಅಂಚನ್ನು ಮೆಲ್ಲಗೆ ಎತ್ತಿ ಹಿಂಬದಿಯನ್ನು ತೋರಿಸುತ್ತಾರೆ. ಹೊಲಿಯುವವರಿಗೆ ಬೇಕಾದದ್ದೂ ಅದೇ. ಹೊಲಿಗೆ ಸಮವಾಗಿದೆಯೇ, ಗಂಟು ಎಲ್ಲಿ ಅಡಗಿದೆ, ಸೂಜಿ ಎಲ್ಲ ಪದರಗಳನ್ನೂ ದಾಟಿದೆಯೇ ಎಂಬುದು ಹಿಂಬದಿಯಲ್ಲಿ ಮಾತ್ರ ತಿಳಿಯುತ್ತದೆ. ವಿಜಯಪುರದ ಆ ತಾಯಿ ಹುಡುಕುತ್ತಿದ್ದದ್ದು ಅದನ್ನೇ ಇರಬೇಕು.

ನಮ್ಮ ಬಾಗಲಕೋಟೆ ಕಡೆಯ ಮನೆಗಳಲ್ಲಿ ಯಾರೇ ಬಂದರೂ ಮೊದಲು ಕಂಬಳಿ ಇಲ್ಲವೇ ಕೌದಿ ಹಾಸುತ್ತಾರೆ. ನೀರಿನ ತಂಬಿಗೆ, ಮಾತು ಎಲ್ಲ ಆಮೇಲೆ. ಕೌದಿಯನ್ನೇ ನೋಡಲು ಬಂದವರನ್ನು ಹಗ್ಗದ ಆಚೆ ನಿಲ್ಲಿಸಿ ಕಳುಹಿಸುವುದು ನನ್ನ ಮನಸ್ಸಿಗೆ ಒಗ್ಗುತ್ತಿಲ್ಲ. ಆದ್ದರಿಂದ ಸಂಘಟಕರಲ್ಲಿ ನನ್ನ ವಿನಂತಿ ಇಷ್ಟು: ಬಾಗಿಲ ಬಳಿ ದಿನಬಳಕೆಯ ಕೌದಿಯೊಂದನ್ನು ಹಾಸೋಣ. ಬಂದವರು ಅದರ ಮೇಲೆ ಕೂರಲಿ, ಮುಟ್ಟಲಿ, ಮಗುಚಿ ನೋಡಲಿ. ಒಳಗಿನ ಬೆಲೆಬಾಳುವ ಕೆಲಸಗಳ ಬಳಿ ಕೈಗವಸು ತೊಟ್ಟವರು ನಿಲ್ಲಲಿ. ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಫಲಕಗಳಿರಲಿ, ಅವುಗಳಲ್ಲಿ ಹೊಲಿದವರ ಹೆಸರೂ ಊರೂ ಇರಲಿ.

ಬಂದವರು ತಪ್ಪದೆ ಕೇಳುವ ಪ್ರಶ್ನೆ, ಇದರೊಳಗೆ ಹತ್ತಿ ಎಷ್ಟು ಎಂಬುದು. ಕೌದಿಯೊಳಗೆ ಹತ್ತಿಯನ್ನು ತುಂಬುವುದಿಲ್ಲ. ಅದು ಹಳೆಯ ಸೀರೆ, ಧೋತರ, ಅಂಗಿಗಳ ಪದರ. ಮೇಲೆ ಖಣ ಎಂಬ ರವಿಕೆ ಬಟ್ಟೆಯ ಚೂರುಗಳು, ಅಂಚಿನಿಂದ ಅಂಚಿಗೆ ಸಾಲು ಸಾಲು ಹೊಲಿಗೆ. ಉತ್ತರ ಕರ್ನಾಟಕದಲ್ಲಿ ದೇವಿಯ ಹಾಡು ಹೇಳುವ ಗೊಂದಳಿಗರ ಹೆಣ್ಣುಮಕ್ಕಳು ಮನೆ ಮನೆಗೆ ಬಂದು ಹೊಲಿದುಕೊಡುತ್ತಿದ್ದರು. ನನ್ನ ಅಜ್ಜಿ ಹೊಲಿಗೆ ಮುಗಿಯುವ ಮುನ್ನ ನಟ್ಟನಡುವೆ ರೊಟ್ಟಿಯ ಚೂರೊಂದನ್ನು ಇಟ್ಟು ಮುಚ್ಚುತ್ತಿದ್ದಳು. ಕೌದಿಯ ಹೊಟ್ಟೆ ಹಸಿದಿರಬಾರದು ಎನ್ನುತ್ತಿದ್ದಳು. ಇದನ್ನು ಹೇಳಿದಾಗ ನಮ್ಮ ಮರಾಠಿ ನೆರೆಯವರು ತಮ್ಮ ಗೋಧಡಿಗೂ ಹಾಗೆಯೇ ಉಣಿಸುತ್ತಿದ್ದರೆಂದು ಹೇಳಿ ನನ್ನ ಕೈ ಹಿಡಿದುಕೊಂಡರು.

ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಣ್ಣುಮಕ್ಕಳ ಕೌದಿಗಳನ್ನಂತೂ ಬಿಡದೆ ನೋಡಬೇಕು. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದವರೂ ಇವರ ಪೂರ್ವಿಕರು. ಇವರು ಅಂಚಿನಿಂದ ಆರಂಭಿಸಿ, ನಾಲ್ಕೂ ಸುತ್ತ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಕೊನೆಗೆ ಮೂಲೆಗಳಲ್ಲಿ ಬಟ್ಟೆಯ ಮಡಿಕೆಯ ಚಿಕ್ಕ 'ಫುಲಾ', ಅಂದರೆ ಹೂವು. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ.

ಪುಣೆಯ ಕನ್ನಡಿಗರಲ್ಲಿ ಇನ್ನೊಂದು ಮಾತು. ವಿಜಯಪುರ, ಕಲಬುರಗಿ, ಯಾದಗಿರಿಯಿಂದ ದುಡಿಯಲು ಬಂದ ಕುಟುಂಬಗಳು ಕಟ್ಟಡಗಳ ಪಕ್ಕದ ತಗಡಿನ ಶೆಡ್‌ಗಳಲ್ಲಿವೆ. ಬಿಸಿಲಿಗೆ ಹರವಿದ ಕೌದಿಗಳನ್ನು ನಾವು ದಿನವೂ ದಾಟಿ ಹೋಗುತ್ತೇವೆ. ಆ ಕೌದಿಗಳನ್ನು ಹೊಲಿದ ಕೈಗಳು ಪ್ರದರ್ಶನಕ್ಕೆ ಬರುವುದಿಲ್ಲ, ಏಕೆಂದರೆ ಅವರನ್ನು ಯಾರೂ ಕರೆದಿಲ್ಲ. ನಿಮ್ಮ ಮನೆಯ ಹತ್ತಿರದ ಶೆಡ್ಡಿಗೆ ಒಂದು ಸಂಜೆ ಹೋಗಿ, ಕನ್ನಡದಲ್ಲಿ ಬಾಯಿಮಾತಿನಿಂದ ಕರೆಯಿರಿ. ಬರುವಾಗ ನಿಮ್ಮ ಅಟ್ಟದ ಮೇಲಿನ ಹಳೆಯ ಕೌದಿಯನ್ನೂ ತನ್ನಿ. ಅದರಲ್ಲಿರುವ ಯಾವ ಚೂರು ಯಾರ ಸೀರೆಯದು ಎಂದು ಬಲ್ಲವರು ಮನೆಯಲ್ಲಿದ್ದರೆ ಅವರನ್ನೂ ಕರೆತನ್ನಿ.

ಅಜ್ಜಿಯ ಕೌದಿಯನ್ನು ಈ ಸಲ ಮಹಾನವಮಿಗೆ ಮುಂಚೆ ತೊಳೆದು, ಎರಡು ಬಿಸಿಲು ಒಣಗಿಸಿ ಇಟ್ಟಿದ್ದೇನೆ. ಬಾಗಿಲ ಬಲಕ್ಕೆ ಅದನ್ನೇ ಹಾಸುತ್ತೇನೆ. ವಾಕಡ್‌ನ ಆ ಗೌಂಡಿ ಸಹೋದರ ಈ ಪತ್ರವನ್ನು ಓದಿದರೆ, ಓದಿದವರು ಯಾರಾದರೂ ಅವರಿಗೆ ಹೇಳಿದರೆ, ತಾಯಿಯನ್ನು ಇನ್ನೊಮ್ಮೆ ಕರೆದುಕೊಂಡು ಬರಲಿ.

– ಪ್ರದರ್ಶನದ ಒಬ್ಬ ಸ್ವಯಂಸೇವಕಿ, ಪುಣೆ