ನವೆಂಬರ್ 1ರಿಂದ ಗ್ರಂಥಸೂಚಿಯಲ್ಲಿ ಆಗುವ ಬದಲಾವಣೆ: ಚಂದಾದಾರರಿಗೆ ಪತ್ರ

ಚಂದಾದಾರ ಗ್ರಂಥಾಲಯಗಳಿಗೆ, ಕನ್ನಡ ವಿಭಾಗಗಳಿಗೆ, ಬಿಡಿಯಾಗಿ ಚಂದಾ ಕಟ್ಟಿರುವ ಸಂಶೋಧಕರಿಗೆ,

ನಮಸ್ಕಾರ.

ಬರುವ ನವೆಂಬರ್ 1ರಿಂದ ನಮ್ಮ ಕನ್ನಡ ಸಂಶೋಧನಾ ಗ್ರಂಥಸೂಚಿಯಲ್ಲಿ ಎರಡು ಬದಲಾವಣೆ ಆಗಲಿವೆ. ಒಂದು, ಪ್ರತಿ ನಮೂದಿಗೂ ಕಾಯಂ ಸಂಖ್ಯೆ ಬರುತ್ತದೆ. ಆಮೇಲೆ ಲೇಖಕರ ಹೆಸರು ತಿದ್ದಿದರೂ, ಇಸವಿ ತಿದ್ದಿದರೂ ಆ ಸಂಖ್ಯೆ ಅಲುಗುವುದಿಲ್ಲ. ಎರಡು, ನೀವು ಮಾಡುವ ತಿದ್ದುಪಡಿ ಆ ಕ್ಷಣಕ್ಕೇ ಎಲ್ಲರಿಗೂ ಕಾಣುವುದಿಲ್ಲ. ನಮ್ಮ ಗ್ರಂಥಸೂಚಿ ಸಹಕಾರ ಸಂಘದ ಒಬ್ಬರು ನೋಡಿ ಒಪ್ಪಿದ ಮೇಲೆ ಕಾಣುತ್ತದೆ. ಚಂದಾ ಹಣ ಇದ್ದಷ್ಟೇ ಇರುತ್ತದೆ. ರಾಜ್ಯೋತ್ಸವ ಅಂತ ಈ ತಾರೀಖು ಆರಿಸಿದ್ದಲ್ಲ. ಅವತ್ತು ಕಾಲೇಜುಗಳಿಗೆ ರಜೆ, ಸೂಚಿ ತೆರೆಯುವವರು ಕಡಿಮೆ, ಅಷ್ಟೇ.

ಮೊದಲನೆಯ ಬದಲಾವಣೆಗೆ ಯಾರೂ ಬೇಡ ಅನ್ನಲಾರರು. ಎರಡನೆಯದಕ್ಕೆ ಹಲವರು ಮುಖ ಸಿಂಡರಿಸುತ್ತಾರೆ ಅಂತ ಗೊತ್ತು. ಈ ಸೂಚಿ ಬೆಳೆದದ್ದೇ ಯಾರು ಬೇಕಾದರೂ ಬಂದು ತಿದ್ದಬಹುದು ಅನ್ನುವ ಕಾರಣಕ್ಕೆ, ಅಲ್ವಾ? ಹಾಗಾಗಿ ಕಾರಣಗಳನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಈವರೆಗೆ ನಮೂದಿನ ಗುರುತನ್ನು ಲೇಖಕರ ಹೆಸರು ಮತ್ತು ಇಸವಿಯಿಂದ ಕಂಪ್ಯೂಟರ್ ತಾನೇ ಕಟ್ಟುತ್ತಿತ್ತು. ಸೂಚಿ ಚಿಕ್ಕದಿದ್ದಾಗ ಇದು ಅನುಕೂಲವೇ ಆಗಿತ್ತು. ನೋಡಿದ ಕೂಡಲೇ ಯಾರ ಪುಸ್ತಕ ಅಂತ ಗೊತ್ತಾಗುತ್ತಿತ್ತು. ತೊಂದರೆ ಶುರುವಾಗುವುದು ಯಾರಾದರೂ ಇಸವಿ ತಿದ್ದಿದಾಗ. ಇಸವಿ ಬದಲಾದರೆ ಗುರುತೂ ಬದಲಾಗುತ್ತದೆ. ಮೈಸೂರಿನಲ್ಲೋ ಹಂಪಿಯಲ್ಲೋ ಒಬ್ಬರು ಹಳೆಯ ಗುರುತು ಹಾಕಿ ಪಿಎಚ್‌.ಡಿ. ಪ್ರಬಂಧ ಬರೆಯುತ್ತಿರುತ್ತಾರೆ. ಪ್ರಬಂಧದ ಪುಟ ಜೋಡಿಸಲು ಲೇಟೆಕ್ ಅನ್ನುವ ತಂತ್ರಾಂಶ ಬಳಸುವವರಾದರೆ, ಸೂಚಿಯ ಹೊಸ ಪ್ರತಿ ಇಳಿಸಿಕೊಂಡ ಮರುದಿನ ಅವರ ಪ್ರಬಂಧದಲ್ಲಿ ಉಲ್ಲೇಖ ಇರಬೇಕಾದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ. ತಿದ್ದಿದವರದ್ದು ಸರಿಯಾದ ತಿದ್ದುಪಡಿಯೇ. ಬರೆಯುತ್ತಿದ್ದವರದ್ದೂ ತಪ್ಪಿಲ್ಲ.

ಇಸವಿ ಅಷ್ಟೊಂದು ಯಾಕೆ ಬದಲಾಗುತ್ತದೆ ಅಂತ ಕೇಳಬಹುದು. ಹಳೆಯ ಕನ್ನಡ ಪುಸ್ತಕ, ಪತ್ರಿಕೆ ಕೈಯಲ್ಲಿ ಹಿಡಿದವರಿಗೆ ಗೊತ್ತು. ಎಷ್ಟೋ ಕಡೆ ಇರುವುದು ಸಂವತ್ಸರ ಮಾತ್ರ. ಪ್ರಭವ ಅಂತ ಅಚ್ಚಾಗಿದ್ದರೆ ಅದು 1927ರ ಯುಗಾದಿಯಿಂದ 1928ರ ಯುಗಾದಿಯವರೆಗೆ. ಮಾಸ ಬರೆದಿಲ್ಲದಿದ್ದರೆ ಯಾವ ಇಸವಿ ಅಂತ ಹಾಕುವುದು? ಒಬ್ಬರು 1927 ಅನ್ನುತ್ತಾರೆ, ಇನ್ನೊಬ್ಬರು ಬಂದು 1928 ಮಾಡುತ್ತಾರೆ, ಮೊದಲಿನವರು ಮತ್ತೆ 1927 ಮಾಡುತ್ತಾರೆ. ಇಬ್ಬರ ಹತ್ತಿರವೂ ಕಾರಣ ಇದೆ. ಅದೂ ಸಾಲದು ಅಂತ, 60 ವರ್ಷದ ಚಕ್ರ ಒಂದು ಸುತ್ತು ಬಂದು 1987ರಲ್ಲಿ ಮತ್ತೆ ಪ್ರಭವ. ಮರುಮುದ್ರಣದಲ್ಲಿ ಹಳೆಯ ಮುನ್ನುಡಿಯನ್ನು ಹಾಗೇ ಅಚ್ಚು ಹಾಕಿದ್ದರೆ ಯಾವ ಪ್ರಭವ ಅನ್ನುವುದಕ್ಕೆ ಕಾಗದ, ಬೆಲೆ, ಮುದ್ರಣಾಲಯದ ಹೆಸರು ನೋಡಬೇಕು. ಇನ್ನು ಮುಂದೆ ಇಸವಿಯ ಜಾಗದಲ್ಲಿ 1927–28 ಅಂತ ಎರಡನ್ನೂ ಹಾಕಬಹುದು. ಪುಸ್ತಕದಲ್ಲಿ ಅಚ್ಚಾದ ಸಂವತ್ಸರ, ಮಾಸಕ್ಕೆ ಪಕ್ಕದಲ್ಲೇ ಬೇರೆ ಜಾಗ ಇದೆ. ೧೯೨೭ ಅಂತ ಕನ್ನಡ ಅಂಕಿಯಲ್ಲಿ ಬರೆದರೂ ತೊಂದರೆ ಇಲ್ಲ, ಒಳಗೆ ಎರಡೂ ಒಂದೇ ಅಂತ ಲೆಕ್ಕ.

ಹೆಸರುಗಳದ್ದು ಇದಕ್ಕಿಂತ ಜಾಸ್ತಿ ಕಾಟ. ಸಂಶೋಧಕ ಶಂ.ಬಾ. ಜೋಶಿಯವರನ್ನೇ ತೆಗೆದುಕೊಳ್ಳಿ. ಒಂದು ಕಡೆ ಶಂ.ಬಾ. ಜೋಶಿ, ಒಂದು ಕಡೆ ಶಂಬಾ ಜೋಷಿ, ಇನ್ನೊಂದು ಕಡೆ ಶಂಕರ ಬಾಳದೀಕ್ಷಿತ ಜೋಶಿ. ಧಾರವಾಡದಲ್ಲಿ ಯಾರನ್ನು ಕೇಳಿದರೂ ಇವರು ಒಬ್ಬರೇ ಅನ್ನುತ್ತಾರೆ. ಕಂಪ್ಯೂಟರಿಗೆ ಮಾತ್ರ ಮೂವರು. ಹಾಗಿದ್ದರೂ ಜೋಶಿ ಅನ್ನುವ ಅಡ್ಡಹೆಸರು ಒಂದಿದೆ, ಹಿಡಿದುಕೊಳ್ಳಲು ಏನೋ ಸಿಗುತ್ತದೆ. ಹಳೇ ಮೈಸೂರಿನ ಕಡೆಯ ಹೆಸರುಗಳಲ್ಲಿ ಅದೂ ಇಲ್ಲ. ತೀ.ನಂ. ಶ್ರೀಕಂಠಯ್ಯ ಅಂದರೆ ತೀರ್ಥಪುರ ಅವರ ಊರು, ನಂಜುಂಡಯ್ಯ ಅವರ ತಂದೆ, ಶ್ರೀಕಂಠಯ್ಯ ಅವರ ಸ್ವಂತ ಹೆಸರು. ಅಡ್ಡಹೆಸರು ಎಲ್ಲಿ? ಉಲ್ಲೇಖದ ತಂತ್ರಾಂಶಗಳೆಲ್ಲ ಮೊದಲ ಹೆಸರು, ಕೊನೆಯ ಹೆಸರು ಅಂತ ಎರಡು ಡಬ್ಬಿ ಇಟ್ಟುಕೊಂಡು ಕೂತಿರುತ್ತವೆ. ಸಿಕ್ಕಿದ್ದನ್ನು ಅವೆರಡರಲ್ಲಿ ತುಂಬುತ್ತವೆ. ಯಾರಾದರೂ ಹೆಸರಿಗೆ ಮೊದಲು ಡಾ. ಸೇರಿಸಿದರಂತೂ ಅದೇ ಮೊದಲ ಹೆಸರಾಗಿ ಕೂರುತ್ತದೆ. ಬಿಬ್‌ಟೆಕ್ (ಲೇಟೆಕ್‌ಗೆ ಉಲ್ಲೇಖದ ಪಟ್ಟಿ ಕಟ್ಟಿಕೊಡುವ ತಂತ್ರಾಂಶ) ಹುಟ್ಟಿದ್ದು 1985ರಲ್ಲಿ, ಯೂನಿಕೋಡ್‌ಗಿಂತ, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿಗಿಂತ, ಮೊದಲು. ಅದರ ಕೆಲವು ಶೈಲಿಗಳು ಮೊದಲ ಹೆಸರನ್ನು ಒಂದೇ ಅಕ್ಷರಕ್ಕೆ ಇಳಿಸುತ್ತವೆ. ಯೂನಿಕೋಡ್ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಬಿಬ್‌ಟೆಕ್ ಒಂದು ಬೈಟನ್ನು ಒಂದು ಅಕ್ಷರ ಅಂದುಕೊಂಡು ಅಷ್ಟನ್ನೇ ಕತ್ತರಿಸುತ್ತದೆ. ಪಟ್ಟಿಯಲ್ಲಿ ಚೌಕಾಕಾರದ ಕಸ ಬರುವುದು ಅದಕ್ಕೇ. ಇದನ್ನು ನಮ್ಮ ಸೂಚಿಯ ದೋಷ ಅಂತ ಬರೆದು ಕಳಿಸಿದವರು ಬಹಳ ಜನ. ಬಿಬ್‌ಲೇಟೆಕ್ ಅನ್ನು ಅದರ ಜೊತೆಗಾರ ತಂತ್ರಾಂಶ ಬೈಬರ್ ಜೊತೆ ಬಳಸಿ ನೋಡಿ, ಆ ಕಾಟ ಇರುವುದಿಲ್ಲ.

ಹೊಸ ವ್ಯವಸ್ಥೆಯಲ್ಲಿ ಲೇಖಕರಿಗೂ ಒಂದೊಂದು ಸಂಖ್ಯೆ. ಅದರ ಕೆಳಗೆ ಎಷ್ಟು ರೂಪದ ಹೆಸರುಗಳನ್ನು ಬೇಕಾದರೂ ಸೇರಿಸಬಹುದು. ಯಾವ ಪುಸ್ತಕದಲ್ಲಿ ಯಾವ ರೂಪ ಅಚ್ಚಾಗಿದೆಯೋ ಅದು ಆ ನಮೂದಿನಲ್ಲಿ ಹಾಗೇ ಇರುತ್ತದೆ. ವಿಕಿಪೀಡಿಯದ ಸೋದರ ದತ್ತಾಂಶ ತಾಣ ವಿಕಿಡೇಟಾದಲ್ಲಿ ಆ ಲೇಖಕರ ಸಂಖ್ಯೆ ಇದ್ದರೆ ಅದನ್ನೂ ಜೋಡಿಸುತ್ತೇವೆ. ಈಗ ಬರೆಯುತ್ತಿರುವವರು ತಮ್ಮ ಓರ್ಕಿಡ್ (ಸಂಶೋಧಕರನ್ನು ಗುರುತಿಸುವ) ಸಂಖ್ಯೆ ಕೊಟ್ಟರೆ ಒಳ್ಳೆಯದು. ಆ 16 ಅಂಕಿಯ ಗುರುತನ್ನು ಲೇಖಕರು ತಾವೇ ನೋಂದಾಯಿಸಿ ಪಡೆಯಬೇಕು. ತೀ.ನಂ.ಶ್ರೀ ಅವರು ಬಂದು ನೋಂದಾಯಿಸಿಕೊಳ್ಳಲು ಆಗುವುದಿಲ್ಲವಲ್ಲ, ಆದ್ದರಿಂದ ಹಳಬರಿಗೆ ನಮ್ಮ ಸಂಖ್ಯೆಯೇ ಗತಿ.

ಹುಡುಕಾಟದ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಕಣ್ಣಿಗೆ ಕಾಣದ ಚಿಹ್ನೆಗಳು. ‘ಸಂಶೋಧನೆ’ ಅಂತ ಹುಡುಕಿದರೆ ಒಂದು ಲೇಖನ ಸಿಗುವುದಿಲ್ಲ, ಆದರೆ ಪಟ್ಟಿ ಉರುಳಿಸುತ್ತಾ ಹೋದರೆ ಅದು ಅಲ್ಲೇ ಇದೆ. ಯಾಕೆ? ಆ ಲೇಖನದಲ್ಲಿ ಇರುವುದು ‘ಸ೦ಶೋಧನೆ’. ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ಕೂತಿದೆ. ಪರದೆಯ ಮೇಲೆ ವ್ಯತ್ಯಾಸ ಸುಲಭವಾಗಿ ಕಾಣುವುದಿಲ್ಲ. ಯೂನಿಕೋಡ್ ಬರುವ ಮೊದಲಿನ ಫಾಂಟುಗಳಿಂದ ಪರಿವರ್ತಿಸಿದ ಪಟ್ಟಿಗಳಲ್ಲಿ, ಸ್ಕ್ಯಾನ್ ಪುಟಗಳಿಂದ ಎತ್ತಿದ ಪಠ್ಯದಲ್ಲಿ ಇದು ಧಾರಾಳ. ‘ಕೋ’ ಅನ್ನುವುದರ ಸ್ವರಚಿಹ್ನೆಯನ್ನೂ ಇಡಿಯಾಗಿ ಒಂದಾಗಿ ಬರೆಯಬಹುದು, ತುಂಡು ತುಂಡಾಗಿ ಜೋಡಿಸಿಯೂ ಬರೆಯಬಹುದು. ಇದನ್ನು ಸರಿಮಾಡಲು ಯೂನಿಕೋಡ್‌ನದೇ ನಿಯಮ ಇದೆ, ಅದನ್ನು ಎಲ್ಲ ನಮೂದುಗಳಿಗೂ ಹಾಕಿದ್ದೇವೆ. ಆದರೆ ಆ ನಿಯಮ ಅಕ್ಷರಗಳ ನಡುವೆ ಅಡಗಿ ಕೂರುವ ಜೋಡಕ, ಬೇರ್ಪಡಕಗಳನ್ನು (ಒತ್ತಕ್ಷರ ಹೇಗೆ ಮೂಡಬೇಕು ಅಂತ ಹೇಳುವ ಕಾಣದ ಚಿಹ್ನೆಗಳನ್ನು) ಮುಟ್ಟುವುದಿಲ್ಲ. ಅವನ್ನು ಸುಮ್ನೆ ಕಿತ್ತುಹಾಕಿದರೆ ‘ರ್‍ಯಾಂಕ್’ ಹೋಗಿ ಅರ್ಕಾವೊತ್ತಿನ ‘ರ್ಯಾಂಕ್’ ಆಗುತ್ತದೆ, ‘ರಾಜ್‌ಕುಮಾರ್’ನಲ್ಲಿ ಜ ಮತ್ತು ಕ ಒಂದರ ಕೆಳಗೊಂದು ಇಳಿಯುತ್ತವೆ. ಹಾಗಾಗಿ ಹುಡುಕುವಾಗ ಮಾತ್ರ ಅವು ಇಲ್ಲ ಅಂತ ಲೆಕ್ಕ. ತೋರಿಸುವಾಗ ಇದ್ದ ಹಾಗೇ. ಹಳಗನ್ನಡದವರು ಕೇಳುವ ಮೊದಲೇ ಹೇಳಿಬಿಡುತ್ತೇವೆ: ೞ ಹಾಕಿ ಹುಡುಕಿದರೂ, ಳ ಹಾಕಿ ಹುಡುಕಿದರೂ ಇನ್ನು ಎರಡೂ ಸಿಗುತ್ತವೆ.

ೞದ ಮಾತು ಬಂತಲ್ಲ, ಕಾಯಂ ಸಂಖ್ಯೆಯ ನಿರ್ಧಾರಕ್ಕೆ ಅದರ ಕತೆಯೂ ಒಂದು ಕಾರಣ. ಯೂನಿಕೋಡ್‌ನಲ್ಲಿ ಈ ಅಕ್ಷರದ ಅಧಿಕೃತ ಹೆಸರು ‘ಕನ್ನಡ ಲೆಟರ್ ಫಾ’. ಫಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ತಪ್ಪು ಅಂತ ಎಲ್ಲರಿಗೂ ಗೊತ್ತು, ಸರಿಯಾದ ಹೆಸರನ್ನು ಪಕ್ಕದಲ್ಲಿ ಅಧಿಕೃತವಾಗಿಯೇ ಕೊಟ್ಟಿದ್ದಾರೆ. ಆದರೂ ಮೂಲ ಹೆಸರು ಬದಲಾಯಿಸಿಲ್ಲ, ಬದಲಾಯಿಸುವುದೂ ಇಲ್ಲ. ಒಮ್ಮೆ ಕೊಟ್ಟ ಹೆಸರನ್ನು ಯಾವುದೋ ತಂತ್ರಾಂಶ ನಂಬಿಕೊಂಡಿರಬಹುದು, ಅದು ಮುರಿಯಬಾರದು ಅನ್ನುವುದು ಅವರ ನಿಯಮ. ನಮ್ಮ ಹಳೆಯ ಗುರುತುಗಳಿಗೂ ಈಗ ಅದೇ ನಿಯಮ. ತಪ್ಪು ಇಸವಿ ಇರುವ ಹಳೆಯ ಗುರುತು ತಪ್ಪಾಗಿಯೇ ಉಳಿಯುತ್ತದೆ, ಆದರೆ ಸರಿಯಾದ ನಮೂದಿಗೇ ಕರೆದೊಯ್ಯುತ್ತದೆ. ಹೊಸ ಸಂಖ್ಯೆಯಲ್ಲಂತೂ ಹೆಸರೂ ಇಲ್ಲ, ಇಸವಿಯೂ ಇಲ್ಲ. ತಪ್ಪಾಗಲು ಅದರಲ್ಲಿ ಏನೂ ಇಲ್ಲ.

ಈಗ ಪರಿಶೀಲನೆಯ ವಿಷಯ. ಇಬ್ಬರು ಒಂದೇ ನಮೂದನ್ನು ಒಂದೇ ಹೊತ್ತಿಗೆ ತೆರೆದಿರುತ್ತಾರೆ. ಒಬ್ಬರು ಪುಟಸಂಖ್ಯೆ ಸರಿಮಾಡಿ ಉಳಿಸುತ್ತಾರೆ. ಐದು ನಿಮಿಷ ಬಿಟ್ಟು ಇನ್ನೊಬ್ಬರು ಲೇಖಕರ ಹೆಸರು ಸರಿಮಾಡಿ ಉಳಿಸುತ್ತಾರೆ. ಎರಡನೆಯವರ ಪರದೆಯಲ್ಲಿ ಇದ್ದದ್ದು ಹಳೆಯ ಪುಟಸಂಖ್ಯೆ, ಅದೇ ಗೆಲ್ಲುತ್ತದೆ. ಪ್ರಬಂಧ ಸಲ್ಲಿಸುವ ಕಾಲದಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ಇದನ್ನು ತಂತ್ರಾಂಶದಲ್ಲೇ ತಡೆಯಬಹುದು, ನವೆಂಬರ್‌ನಿಂದ ತಡೆಯುತ್ತದೆ ಕೂಡ. ಆದರೆ ಎರಡು ನಮೂದುಗಳನ್ನು ಒಂದು ಮಾಡುವ ಕೆಲಸ ಯಂತ್ರದ ಕೈಗೆ ಕೊಡುವಂಥದ್ದಲ್ಲ.

ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕವನ್ನೇ ನೋಡಿ. ಬಿ.ಎಲ್. ರೈಸ್ ಅವರು 1886ರಲ್ಲಿ ಶುರುಮಾಡಿದ ಸಂಪುಟಗಳು ಒಂದು ಸಾಲು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ತಂದ ಪರಿಷ್ಕೃತ ಸಂಪುಟಗಳು ಇನ್ನೊಂದು ಸಾಲು. ಹೆಸರು ಒಂದೇ. ಹಳೆಯ ಸಾಲಿನ ಒಂಬತ್ತನೆಯ ಸಂಪುಟ ನಮ್ಮ ಬೆಂಗಳೂರು ಜಿಲ್ಲೆಯದು. ಪರಿಷ್ಕೃತ ಸಾಲಿನ ಒಂಬತ್ತನೆಯದನ್ನು ತೆರೆದು ಬೆಂಗಳೂರಿನ ಶಾಸನ ಹುಡುಕಿದರೆ ಸಿಗುವುದಿಲ್ಲ. ಹೆಸರು, ಸಂಪುಟ ಸಂಖ್ಯೆ ಎರಡೂ ಹೊಂದಿದವು ಅಂತ ಯಂತ್ರ ಇವನ್ನು ಒಂದು ಮಾಡಿದರೆ, ಅದನ್ನು ನಂಬಿ ಬರೆದ ಅಡಿಟಿಪ್ಪಣಿಗಳೆಲ್ಲ ಬೇರೆ ಜಿಲ್ಲೆಯ ಶಾಸನಕ್ಕೆ ಹೋಗುತ್ತವೆ. ಐಎಸ್‌ಬಿಎನ್ (ಪುಸ್ತಕಕ್ಕೆ ಕೊಡುವ ಅಂತರರಾಷ್ಟ್ರೀಯ ಸಂಖ್ಯೆ) ನೋಡಿ ನಿರ್ಧರಿಸಿ ಅನ್ನುವವರಿದ್ದಾರೆ. ಹಳೆಯ ಪುಸ್ತಕಗಳಿಗೆ ಅದು ಇಲ್ಲವೇ ಇಲ್ಲ. 2007ಕ್ಕೆ ಮೊದಲಿನವಕ್ಕೆ 10 ಅಂಕಿ, ಆಮೇಲಿನವಕ್ಕೆ 13 ಅಂಕಿ, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಕೊನೆಯ ಅಂಕಿಯನ್ನು ಹೊಸದಾಗಿ ಲೆಕ್ಕ ಹಾಕಬೇಕು. ಒಂದೇ ಸಂಖ್ಯೆ ಎರಡು ಬೇರೆ ಪುಸ್ತಕಗಳ ಬೆನ್ನ ಮೇಲೆ ಅಚ್ಚಾಗಿರುವುದನ್ನೂ ನೋಡಿದ್ದೇವೆ. ಮನುಷ್ಯರೇ ಕೂತು ನೋಡಬೇಕು, ಬೇರೆ ದಾರಿ ಇಲ್ಲ. ಸಂಘದ ಸದಸ್ಯರಲ್ಲಿ ನಿವೃತ್ತ ಲೈಬ್ರರಿಯನ್‌ಗಳಿದ್ದಾರೆ, ಈ ಕೆಲಸ ಅವರದ್ದು. ಒಂದು ಮಾಡಿದ ಮೇಲೂ ಯಾವ ನಮೂದನ್ನೂ ಅಳಿಸುವುದಿಲ್ಲ. ಬೇಡವಾದರೆ ಮತ್ತೆ ಬಿಡಿಸಬಹುದು.

ತಿದ್ದುಪಡಿ ಸಾಮಾನ್ಯವಾಗಿ ಒಂದು ವಾರದೊಳಗೆ ಕಾಣುತ್ತದೆ ಅಂತ ಇಟ್ಟುಕೊಳ್ಳಿ. ಪ್ರಬಂಧ ಸಲ್ಲಿಸುವ ಗಡಿಬಿಡಿ ಇದ್ದರೆ ‘ತುರ್ತು’ ಅಂತ ಗುರುತು ಹಾಕಿ, ಮೊದಲು ಅದನ್ನೇ ನೋಡುತ್ತೇವೆ. ಎಲ್ಲಕ್ಕೂ ತುರ್ತು ಹಾಕಬೇಡಿ.

ನೀವು ಮಾಡಬೇಕಾದ್ದು ಕಡಿಮೆ. ಉಲ್ಲೇಖ ಕೂಡಿಡುವ ತಂತ್ರಾಂಶ ಝೊಟೆರೊದಲ್ಲಿ ಈಗಾಗಲೇ ಇಳಿಸಿಕೊಂಡ ನಮೂದುಗಳು ಹಾಗೇ ಇರಲಿ ಬಿಡಿ. ಇಡೀ ಸೂಚಿಯನ್ನು ಮತ್ತೆ ಇಳಿಸಿದರೆ ಎಲ್ಲವೂ ಎರಡೆರಡು ಆಗುತ್ತವೆ. ಹಳೆಯ ಗುರುತುಗಳು ಕೆಲಸ ಮಾಡುತ್ತಲೇ ಇರುತ್ತವೆ, ಅರ್ಧ ಬರೆದ ಪ್ರಬಂಧದಲ್ಲಿ ಏನೂ ಬದಲಾಯಿಸಬೇಕಿಲ್ಲ. ಲಿಂಕ್ ಕೊಡುವಾಗ ಡಿಒಐ (ಲೇಖನದ ಕಾಯಂ ಡಿಜಿಟಲ್ ಗುರುತು) ಇದ್ದರೆ ಅದನ್ನೇ ಕೊಡಿ. ಪಿಎಚ್‌.ಡಿ. ಪ್ರಬಂಧಗಳ ಭಂಡಾರವಾದ ಶೋಧಗಂಗಾದ ಪ್ರಬಂಧಗಳಿಗೆ ಬ್ರೌಸರಿನ ಮೇಲ್ತುದಿಯಲ್ಲಿ ಕಾಣುವ ಉದ್ದದ ವಿಳಾಸ ಬೇಡ, 10603ರಿಂದ ಶುರುವಾಗುವ ಕಾಯಂ ಗುರುತು, ಅಂದರೆ ಹ್ಯಾಂಡಲ್, ಸಾಕು. ತಾಣದ ವಿಳಾಸ ಬದಲಾದರೂ ಅದು ನಡೆಯುತ್ತದೆ.

ಗ್ರಂಥಾಲಯದವರಿಗೆ ಒಂದು ವಿಶೇಷ ಕೋರಿಕೆ. ತಿದ್ದುಪಡಿಗಳನ್ನು ಎಕ್ಸೆಲ್ ಹಾಳೆಯಲ್ಲಿ ಒಟ್ಟಾಗಿ ಕಳಿಸುವ ಪದ್ಧತಿ ನವೆಂಬರ್‌ನಿಂದ ಇರುವುದಿಲ್ಲ. ಪುಟ 3-12 ಅಂತ ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ಡಿಸೆಂಬರ್ 3 ಮಾಡಿ ಇಡುತ್ತದೆ. ಕಳಿಸುವವರಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಅದರ ಬದಲು ಒಂದು ಫಾರಂ ಇದೆ, ಒಂದೇ ಸಲಕ್ಕೆ ಹಲವು ನಮೂದು ತುಂಬಬಹುದು. ಅದರ ಜೊತೆಗೆ ಶೀರ್ಷಿಕೆ ಪುಟದ ಎರಡೂ ಬದಿಯ ಫೋಟೋ ಸೇರಿಸಿ. ಮೊಬೈಲಿನಲ್ಲಿ ತೆಗೆದದ್ದು ಸಾಕು, ಮುದ್ರಣಾಲಯದ ಹೆಸರು ಮತ್ತು ಬೆಲೆ ಓದುವಂತಿದ್ದರೆ ಆಯಿತು. ಪುಸ್ತಕದ ಕೊನೆಯ ಪುಟದಲ್ಲಿ ಮುದ್ರಣದ ವಿವರ ಇದ್ದರೆ ಅದರದ್ದೂ ಒಂದು ಫೋಟೋ ಇರಲಿ. ಫೋಟೋ ಇರುವ ತಿದ್ದುಪಡಿ ಆ ದಿನವೇ ಒಪ್ಪಿಗೆಯಾಗುವ ಸಾಧ್ಯತೆ ಹೆಚ್ಚು.

ವಿಶ್ವಾಸದಿಂದ,
ಗ್ರಂಥಸೂಚಿ ಸಹಕಾರ ಸಂಘದ ಪರವಾಗಿ, ತಾಂತ್ರಿಕ ವಿಭಾಗ
ಬೆಂಗಳೂರು